ಬೆಣ್ಣೆಕಾಲಿನ ಜಾಗ

ಸೇತುವೆಯ ಏರು ಮುಗಿಯುವ ಹೊತ್ತಿಗೆ ಲಾರಿ ಮತ್ತೆ ಬಿಕ್ಕಿತು. ಬಿಕ್ಕಿತು ಎಂದರೆ ಹಾಗೆಯೇ: ಓಡುತ್ತಿದ್ದ ಗಾಡಿಯ ಉಸಿರು ಒಂದು ಕ್ಷಣ ಕಟ್ಟಿತು, ಮರುಕ್ಷಣ ಯಾರೋ ಬೆನ್ನಿಗೆ ಗುದ್ದಿದ ಹಾಗೆ ಮುಂದಕ್ಕೆ ಹಾರಿತು. ಹಿಂದೆ ಮರದ ಚೌಕಟ್ಟಿನಲ್ಲಿ ಸಾಲಾಗಿ ನಿಂತಿದ್ದ ಕಿಟಕಿಯ ಗಾಜುಗಳು ಕಟಕಟ ಅಂದವು. ಸ್ಟೀರಿಂಗ್ ಹಿಡಿದವಳು ಕಣ್ಣು ಮುಚ್ಚುವಂತಿಲ್ಲವಲ್ಲ, ಹಲ್ಲು ಕಚ್ಚಿದಳು. ಸದ್ಯ ಒಡೆಯಲಿಲ್ಲ ಎಂದುಕೊಳ್ಳುವಷ್ಟರಲ್ಲಿ ಹಿಂದಿನಿಂದ ಸಣ್ಣಗೆ, ಬಹಳ ಮರ್ಯಾದೆಯಿಂದ, ಒಡೆದ ಸದ್ದು ಬಂತು.

"ನಿನ್ನ ಮನೆ ಹಾಳಾಗ," ಎಂದು ಲಾರಿಗೆ ಬೈದಳು. ಅದು ತನ್ನದೇ ಮನೆ ಎನ್ನುವುದು ಆಮೇಲೆ ಹೊಳೆಯಿತು.

ಗಾಜಿನ ಕಾರ್ಖಾನೆಯಲ್ಲಿ ಅವಳನ್ನು ಡ್ರೈವರಮ್ಮ ಎನ್ನುತ್ತಾರೆ. ಮೊದಲು ಅವಳು ಅದೇ ಲಾರಿಯ ಕ್ಲೀನರ್. ಮಗಳು ಓದಲು ಹಾಸ್ಟೆಲ್ಲಿಗೆ ಹೋದ ಮೇಲೆ ಖಾಲಿ ಮನೆಯಲ್ಲಿ ಗೋಡೆ ನೋಡುತ್ತಾ ಕೂರಲಾರದೆ ಗಂಡನ ಜೊತೆ ಹತ್ತಿದವಳು, ವರ್ಷಗಟ್ಟಲೆ ಇಳಿಯಲೇ ಇಲ್ಲ. ಗಂಡ ಓಡಿಸುವುದು, ಇವಳು ಹಗ್ಗ ಬಿಗಿಯುವುದು, ಚೌಕಟ್ಟಿಗೆ ಗೋಣಿಪಟ್ಟೆ ತುರುಕುವುದು, ಹಿಂದೆ ಬರುವಾಗ "ಬರ್ಲಿ, ಬರ್ಲಿ, ಸಾಕು" ಎಂದು ಕೂಗುವುದು. ಗಂಡನಿಗೆ ಆ ಕೈಗಾರಿಕಾ ವಲಯದ ಡ್ರೈವರುಗಳೆಲ್ಲ ಇಟ್ಟಿದ್ದ ಹೆಸರು ಬೆಣ್ಣೆಕಾಲು. ಅವನ ಗಾಡಿಯಲ್ಲಿ ಗಾಜು ಅಲುಗಿದ್ದನ್ನು ಕಂಡವರಿಲ್ಲ. ಎಕ್ಸಲರೇಟರಿನ ಮೇಲೆ ಅವನ ಕಾಲು ಒಂದು ಕಡೆ ಕೂತರೆ ಕೂತಿತು. ಆತುರ ಇಲ್ಲ, ಆಲಸ್ಯವೂ ಇಲ್ಲ. ಗಾಜು ಹೊರುವುದಕ್ಕೆಂದೇ ಅವನಿಗೊಂದು ವೇಗ ಇತ್ತು, ಊರು ಸುಟ್ಟುಹೋದರೂ ಅದನ್ನು ಬಿಡುತ್ತಿರಲಿಲ್ಲ.

ಆ ಬೆಣ್ಣೆಕಾಲಿಗೇ ಲಕ್ವ ಹೊಡೆಯಿತು. ಬಲಗೈ ಅಷ್ಟಿಷ್ಟು ಮರಳಿತು, ಬಲಗಾಲು ಕೋಲಿನ ಆಸರೆಯಲ್ಲಿ ಎಳೆದುಕೊಂಡು ಬರುವಷ್ಟಾಯಿತು. ಆದರೆ ಅಂಗಾಲಿನ ಕೆಳಗೆ ನೆಲ ಇದೆಯೋ ನೀರು ಇದೆಯೋ ಅವನಿಗೆ ತಿಳಿಯದು. ಅಂಥ ಕಾಲಲ್ಲಿ ಗಾಡಿ ಓಡಿಸುವ ಮಾತೇ ಇಲ್ಲ ಎಂದು ಡಾಕ್ಟರು ಹೇಳಿದರು. ಪಕ್ಕದಲ್ಲಿ ಕೂತು ಹೋಗಲು ಅಡ್ಡಿಯಿಲ್ಲ, ಮನಸ್ಸಿಗೂ ಒಳ್ಳೆಯದು ಎಂದೂ ಹೇಳಿದರು.

ಮೊದಲರ್ಧವನ್ನು ಅವನು ತೆಪ್ಪಗೆ ಒಪ್ಪಿಕೊಂಡ. ಎರಡನೆಯದನ್ನು ಒಪ್ಪಲಿಲ್ಲ. ಇವಳು ದೊಡ್ಡ ಗಾಡಿಯ ಲೈಸೆನ್ಸು ತೆಗೆದು, ಹೊಸದರಲ್ಲಿ, "ರೀ, ಸುಮ್ನೆ ಬಂದು ಪಕ್ಕದಲ್ಲಿ ಕೂತ್ಕೊಳ್ಳಿ, ನಂಗೂ ಧೈರ್ಯ," ಎಂದು ಕರೆದಾಗ ಅವನು ಗೋಡೆಯ ಕಡೆ ನೋಡಿ, "ನಾನು ಕ್ಲೀನರ್ ಸೀಟಲ್ಲಿ ಕೂರೋನಲ್ಲ," ಎಂದಿದ್ದ. ಇಷ್ಟು ವರ್ಷ ಆ ಸೀಟಿನಲ್ಲಿ ಕೂತವಳ ಎದುರಿಗೇ ಅಂದ ಮಾತು. ಅವಳಿಗೆ ನೆಟ್ಟಗೆ ಎದೆಗೆ ನಾಟಿತು. ಮತ್ತೆ ಕರೆಯಲಿಲ್ಲ.

ಕರೆಯದಿದ್ದರೇನು, ಬೇಕು ಅನ್ನಿಸುವುದು ನಿಲ್ಲುತ್ತದೆಯೇ? ಅವಳಿಗೆ ಬೇಕಾಗಿದ್ದುದು ಅದೊಂದೇ: ಅವನು ಪಕ್ಕದಲ್ಲಿರಬೇಕು. ಮನೆಯಲ್ಲಿ ಇಬ್ಬರೂ ಎದುರುಬದುರು ಕೂತರೆ ಮಾತೇ ಹೊರಡುತ್ತಿರಲಿಲ್ಲ, ಮೊದಲಿನಿಂದಲೂ ಹಾಗೆಯೇ. ಕ್ಯಾಬಿನ್ನಿನಲ್ಲಿ ಇಬ್ಬರ ಕಣ್ಣೂ ರಸ್ತೆಯ ಮೇಲೆ ಇರುತ್ತಿತ್ತಲ್ಲ, ಮುಖ ನೋಡಬೇಕಾದ ಹಂಗಿಲ್ಲದೆ ಎಲ್ಲ ಮಾತೂ ಬರುತ್ತಿತ್ತು. ಮಗಳು ಆಯ್ದುಕೊಂಡ ಹುಡುಗನನ್ನು ಒಪ್ಪಿದ್ದು ಕ್ಯಾಬಿನ್ನಿನಲ್ಲಿ. ತನಗೆ ಹೊಟ್ಟೆಯಲ್ಲಿ ಗಡ್ಡೆ ಇದೆ ಎಂದು ಅವಳು ಬಾಯಿಬಿಟ್ಟದ್ದೂ ಕ್ಯಾಬಿನ್ನಿನಲ್ಲಿಯೇ, ಗೇರು ಬದಲಾಯಿಸುವ ಸಂದಿಯಲ್ಲಿ. ಈಗ ಅವಳೊಬ್ಬಳೇ ಓಡಿಸುವಾಗ ಖಾಲಿ ಸೀಟಿನ ಮೇಲೆ ಊಟದ ಡಬ್ಬಿ ಇಟ್ಟುಕೊಳ್ಳುತ್ತಿದ್ದಳು, ಖಾಲಿ ಕಾಣಬಾರದೆಂದು. ಡಬ್ಬಿಯ ಜೊತೆ ಎಷ್ಟು ಹೊತ್ತು ಮಾತಾಡುವುದು?

ಆ ಸಂಜೆ ಮನೆಗೆ ಬಂದಾಗ ಅವನು ಎಂದಿನಂತೆ ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡಿದ್ದ. ಬೀದಿಯಲ್ಲಿ ಹೋಗುವ ಗಾಡಿಗಳನ್ನು ಶಬ್ದದ ಮೇಲೇ ಗುರುತಿಸುವುದು ಈಗ ಅವನ ಕೆಲಸ. ಬಂದವಳನ್ನು ಊಟ ಆಯ್ತಾ, ದಣಿವಾಯ್ತಾ ಎಂದು ಕೇಳುವ ರೂಢಿ ಅವನಿಗಿರಲಿಲ್ಲ.

"ಎಷ್ಟು ಒಡೀತು?" ಎಂದ.

"ಒಂದು. ಸೇತುವೆ ಹತ್ರ ಮತ್ತೆ ಜರ್ಕ್ ಹೊಡೀತು."

"ಗಾಜು ಹೊರೋಕೆ ಕಾಲಲ್ಲಿ ನಯ ಬೇಕು ಕಣೇ."

"ನನ್ನ ಕಾಲಲ್ಲಿ ನಯ ಇಲ್ಲ, ಒಪ್ಕೊಂಡೆ. ಗಾಡೀಲೇ ಏನೋ ಇರಬಹುದಲ್ವಾ? ನಾಳೆ ಮೇಸ್ತ್ರಿ ಹತ್ರ ತಗೊಂಡ್ಹೋಗ್ಲಾ?"

"ಅವನಾ? ಅವನಿಗೆ ಕಣ್ಣೇ ಕಾಣಲ್ಲ ಈಗ. ಕಾರ್ಖಾನೆ ಪಕ್ಕದೋನೇ ಸಾಕು," ಎಂದು ಅವನು ಮತ್ತೆ ಕಿಟಕಿಗೆ ಮುಖ ತಿರುಗಿಸಿದ.

ಅದು ಪೆಟ್ರೋಲಿನಲ್ಲಿ ಓಡುವ ಲಾರಿ; ಕಾರ್ಖಾನೆ ಪಕ್ಕದ ಮೆಕ್ಯಾನಿಕ್ ಆಗಲೇ ಪ್ಲಗ್ಗು ಬದಲಾಯಿಸಿದ್ದ, ಪೆಟ್ರೋಲ್ ಫಿಲ್ಟರ್ ಬದಲಾಯಿಸಿದ್ದ, ಪಂಪನ್ನೂ ಬದಲಾಯಿಸಿದ್ದ. ಇನ್ನು ಬದಲಾಯಿಸಲು ಉಳಿದಿದ್ದು ಡ್ರೈವರಮ್ಮ ಮಾತ್ರ. ಅವಳು ಗಂಡನಿಗೆ ಎದುರಾಡಲಿಲ್ಲ. ಬೆಳಿಗ್ಗೆ ಲಾರಿ ತೆಗೆದು ನೇರವಾಗಿ ಮೇಸ್ತ್ರಿಯ ಶೆಡ್ಡಿಗೇ ಹೊಡೆದಳು.

ಗಾಡಿ ರಿಪೇರಿಯ ಮೇಸ್ತ್ರಿ ಗಂಡನ ಹಳೆಯ ಗೆಳೆಯ, ಅವನಿಗಿಂತ ಚಿಕ್ಕವನು. ತಗಡಿನ ಶೆಡ್ಡು, ಎಣ್ಣೆ ಕುಡಿದು ಕರ್ರಗಾದ ನೆಲ, ಗೋಡೆಯ ಮೇಲೆ ಸೈಜಿನ ಪ್ರಕಾರ ನೇತುಹಾಕಿದ ಸ್ಪ್ಯಾನರುಗಳು. ಕಣ್ಣು ಕಾಣದ ಮನುಷ್ಯ ಶೆಡ್ಡಿನ ಆ ತುದಿಯಿಂದಲೇ ಲಾರಿಯ ಮುಂದಿನ ಟೈರು ನೋಡಿ, "ಗಾಳಿ ಕಮ್ಮಿ ಇದೆ ಅತ್ತಿಗೆ," ಎಂದ. ಆಮೇಲೆ, "ಏನು ದಾರಿ ತಪ್ಪಿ ಬಂದ್ರಾ? ಅಣ್ಣ ಹೇಗಿದಾರೆ? ಬೈತಾರೆ ತಾನೆ? ಬೈತಾ ಇದ್ರೆ ಆರೋಗ್ಯ ಚೆನ್ನಾಗಿದೆ ಅಂತ ಲೆಕ್ಕ."

ಅವಳು ಕಾಯಿಲೆ ವಿವರಿಸಿದಳು, ಗಾಡಿಯ ಕಾಯಿಲೆ. ಏರಾಗಲಿ ಇಳಿಜಾರಾಗಲಿ, ಲೋಡಿರಲಿ ಖಾಲಿಯಿರಲಿ, ಜೋರಾಗಿ ಹೋದರೆ ತೊಂದರೆಯಿಲ್ಲ, ತೀರಾ ನಿಧಾನ ಹೋದರೂ ಇಲ್ಲ. ಗಾಜಿಗೆ ಸರಿಹೋಗುವ ವೇಗಕ್ಕೆ ಬಂದು ಕಾಲು ನಿಲ್ಲಿಸಿದರೆ ಮಾತ್ರ ಬಿಕ್ಕುತ್ತದೆ.

ಕೇಳುತ್ತಾ ಕೇಳುತ್ತಾ ಮೇಸ್ತ್ರಿಯ ಮುಖ ಒಂದು ಥರ ಆಯಿತು. ಏನೋ ಹೇಳಲು ಹೊರಟವನು ನುಂಗಿಕೊಂಡ. "ನೋಡೇ ಬಿಡೋಣ," ಎಂದು ಬಾನೆಟ್ ಎತ್ತಿದ.

ಕಪಾಟಿನಿಂದ ಮುಳ್ಳಿನ ಮೀಟರ್ ತೆಗೆದ. ಅಂಕಿ ತೋರಿಸುವ ಹೊಸ ಮೀಟರೂ ಅವನಲ್ಲಿತ್ತು. ಆದರೆ ಇಂಥ ಕಳ್ಳತನ ಹಿಡಿಯಲು ಅದು ಆಗುವುದಿಲ್ಲವಂತೆ. ಅಂಕಿ ಬದಲಾಗುವಷ್ಟರಲ್ಲಿ ಕಳ್ಳ ಬಂದು ಹೋಗಿರುತ್ತಾನೆ, ಮುಳ್ಳಾದರೆ ಅಲ್ಲೇ ತೊಪ್ಪನೆ ಬೀಳುತ್ತದೆ. ಇಂಜಿನ್ನಿಗೆ ಗಾಳಿ ಬಿಡುವ ಬಾಯಿಯ ಪಕ್ಕದಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ಕಪ್ಪು ಡಬ್ಬಿಯೊಂದು ಅಂಟಿಕೊಂಡಿತ್ತು, ಅದರಿಂದ ಮೂರು ವೈರು ಹೊರಟಿದ್ದವು.

"ಥ್ರಾಟಲ್ ಸೆನ್ಸರ್ ಅಂತಾರೆ ಇದಕ್ಕೆ. ಚಾಡಿಕೋರ ಇವನು. ನೀವು ಎಷ್ಟು ಕಾಲು ಒತ್ತಿದ್ರಿ ಅಂತ ಇಂಜಿನ್ನಿನ ಕಂಪ್ಯೂಟರಿಗೆ ಹೇಳ್ತಾ ಇರ್ತಾನೆ, ಅದು ಆ ಪ್ರಕಾರ ಪೆಟ್ರೋಲ್ ಕೊಡುತ್ತೆ. ಒಂದು ವೈರಿಂದ ಕರೆಂಟು ಬರುತ್ತೆ, ಒಂದು ಅರ್ತು, ಇನ್ನೊಂದು ಚಾಡಿ ಹೇಳೋ ವೈರು."

ಅವನು ಮೊದಲ ಎರಡನ್ನೂ ಅಳೆದು ನೋಡಿದ, ಸರಿಯಿದ್ದವು. ಕನೆಕ್ಟರನ್ನು ಅಲುಗಾಡಿಸಿ ನೋಡಿದ, ಸಡಿಲವಿರಲಿಲ್ಲ. ಮೂರನೆಯದಕ್ಕೆ ಮೀಟರಿನ ಸೂಜಿ ಚುಚ್ಚಿ, ಡ್ರೈವರ್ ಸೀಟಿಗೆ ಹತ್ತಿದ ಅವಳಿಗೆ ಕಾಣುವ ಹಾಗೆ ಮೀಟರನ್ನು ಪಕ್ಕದ ಕಿಟಕಿಗೆ ಹಿಡಿದ.

"ಇಂಜಿನ್ ಬೇಡ, ಬರೀ ಕೀ ಆನ್ ಮಾಡಿ. ಈಗ ಒತ್ತಿ. ನಿಧಾನ. ಇನ್ನೂ ನಿಧಾನ, ಮಗು ಮಲಗಿದೆ ಅಂದ್ಕೊಳ್ಳಿ."

ಅವಳು ಒತ್ತಿದಳು. ಮುಳ್ಳು ಮೇಲೇರಿತು. ಒಂದೇ ಸಮನೆ ಏರುತ್ತಿದ್ದುದು ಒಂದು ಕಡೆ ಬಂದದ್ದೇ ತಡ, ಸೊನ್ನೆಗೆ ಬಿತ್ತು. ಕಾಲನ್ನು ಕೂದಲೆಳೆಯಷ್ಟು ಮುಂದೆ ಒತ್ತಿದಳು, ಮುಳ್ಳು ಎದ್ದು ಏನೂ ಆಗದ ಹಾಗೆ ಮತ್ತೆ ಏರಿತು. ಹಿಂದೆ ಬಂದಳು, ಅದೇ ಜಾಗದಲ್ಲಿ ಬಿತ್ತು.

"ಅಲ್ಲೇ ನಿಲ್ಲಿ. ಕಾಲು ಎಲ್ಲಿದೆ ನೋಡ್ಕೊಳ್ಳಿ," ಎಂದ ಮೇಸ್ತ್ರಿ.

ಅವಳು ಬಗ್ಗಿ ನೋಡಿದಳು. ನೋಡಬೇಕಾದ ಅಗತ್ಯವೇ ಇರಲಿಲ್ಲ. ಪಕ್ಕದ ಸೀಟಿನಲ್ಲಿ ಕೂತು ವರ್ಷಗಟ್ಟಲೆ ನೋಡಿದ ಕಾಲು ಅದು. ಹಿಮ್ಮಡಿ ನೆಲಕ್ಕೆ, ಬೆರಳು ಪೆಡಲಿಗೆ, ಪಾದದ ಆ ಓರೆ. ಅವಳ ಕಾಲು ಈಗ ಇದ್ದದ್ದು ಸರಿಯಾಗಿ ಬೆಣ್ಣೆಕಾಲಿನ ಜಾಗದಲ್ಲಿ.

"ಇದರೊಳಗೆ ಕರ್ರಗೆ ಒಂದು ಪಟ್ಟಿ ಇರುತ್ತೆ ಅತ್ತಿಗೆ. ನೀವು ಕಾಲು ಒತ್ತಿದ ಹಾಗೆ ಅದರ ಮೇಲೊಂದು ಕಡ್ಡಿ ಜಾರುತ್ತೆ. ಬೇರೆ ಡ್ರೈವರುಗಳು ಒತ್ತೋದು ಬಿಡೋದು ಮಾಡ್ತಾರೆ, ಪಟ್ಟಿ ಎಲ್ಲಾ ಕಡೆ ಒಂದೇ ಸಮ ಸವೆಯುತ್ತೆ. ನಮ್ಮಣ್ಣ ಕಾಲು ಅಲ್ಲಾಡಿಸ್ತಾನೇ ಇರ್ಲಿಲ್ವಲ್ಲ! ಇಂಜಿನ್ನಿನ ನಡುಕಕ್ಕೆ ಕಡ್ಡಿ ಅಲ್ಲೇ ತಿಕ್ಕಿ ತಿಕ್ಕಿ ಆ ಜಾಗ ಒಂದೇ ಸವೆದುಹೋಗಿದೆ."

ಅವಳು ಕಾಲು ತೆಗೆಯಲಿಲ್ಲ. ತೆಗೆಯಲು ಮನಸ್ಸು ಬರಲಿಲ್ಲ. ಅವನ ಕಾಲು ಇಷ್ಟು ದಿನ ತನ್ನ ಕಾಲಿನ ಕೆಳಗೇ ಇತ್ತು, ತಾನು ಅದನ್ನು ಗಾಡಿಯ ರೋಗ ಎಂದುಕೊಂಡು ಬೈಯುತ್ತಿದ್ದೆ ಎನ್ನಿಸಿತು.

"ಅದು ಸರಿ," ಎಂದ ಮೇಸ್ತ್ರಿ, ತಡೆದುಕೊಳ್ಳಲಾರದೆ. "ಅಣ್ಣ ನಿಮಗೆ ಹೇಳ್ಲೇ ಇಲ್ವಾ?"

"ಏನು ಹೇಳ್ಲಿಲ್ವಾ?"

"ಕಾಯಿಲೆ ಬೀಳೋಕ್ಕೆ ಮುಂಚೆ ನಾನೇ ಹೇಳಿದ್ದೆ, ಇದು ಸವೆದಿದೆ, ಬದಲಾಯಿಸೋಣ ಅಂತ. ಬೇಡ ಅಂದ್ರು. 'ಅದು ನನ್ನ ಕಾಲು ಮಾಡಿದ ಗುಳಿ, ನನ್ನ ಕಾಲಿಗೆ ದಾಟೋಕೆ ಬರುತ್ತೆ' ಅಂದ್ರು. ದಾಟ್ತಾನೂ ಇದ್ರು. ನೀವು ಪಕ್ಕದಲ್ಲೇ ಕೂತಿದ್ರಿ, ನಿಮಗೆ ಗೊತ್ತಾಯ್ತಾ?"

ಗೊತ್ತಾಗಿರಲಿಲ್ಲ. ಆದರೆ ಈಗ ಬೇರೆ ಎಲ್ಲವೂ ಗೊತ್ತಾಯಿತು. ಕಾಲಲ್ಲಿ ನಯವಿಲ್ಲ ಎಂದದ್ದು, ಮೇಸ್ತ್ರಿಗೆ ಕಣ್ಣು ಕಾಣಲ್ಲ ಎಂದದ್ದು, ದಿನಾ ಸಂಜೆ ಎಷ್ಟು ಒಡೀತು ಎಂದು ಕೇಳುತ್ತಿದ್ದದ್ದು. ಅವಳಿಗೆ ಮೈಯೆಲ್ಲ ಉರಿದುಹೋಯಿತು. ಲಾರಿಯಿಂದ ಇಳಿದು ಬಾಗಿಲನ್ನು ದಡಾರನೆ ಹಾಕಿದಳು.

"ನೋಡಿ ಮೇಸ್ತ್ರಿ, ಗೊತ್ತಿದ್ದೂ ಗೊತ್ತಿದ್ದೂ! ಕಾರ್ಖಾನೇಲಿ ಎಲ್ಲರೆದುರು ತಲೆ ತಗ್ಗಿಸಿದೀನಿ ನಾನು. ನನ್ನ ಕಾಲೇ ಸರಿಯಿಲ್ಲ ಅಂತ ರಾತ್ರಿ ನಿದ್ದೆ ಬಿಟ್ಟಿದೀನಿ. ಇವರಿಗೆ ನನ್ನ ಮೇಲೆ ಏನು ಹಗೆ?"

ಮೇಸ್ತ್ರಿ ಬಟ್ಟೆಯಲ್ಲಿ ಕೈ ಒರೆಸಿಕೊಂಡ.

"ಹಗೆ ಇದ್ದವರು ಹೀಗೆ ಮಾಡಲ್ಲ ಅತ್ತಿಗೆ. ಗಾಡಿ ಸರಿಯಾಗಿ ಓಡಿದ್ರೆ ಅವರು ಯಾಕೆ ಬೇಕು ನಿಮಗೆ? ತೊಂದರೆ ಕೊಟ್ರೆ ತಾನೆ, ರೀ, ನೀವೇ ಬಂದು ನೋಡಿ ಅಂತ ಕರೀತೀರಿ. ಕರೆದ್ರಾ?"

"ಕರೆದಿದ್ದೆ. ಬರಲ್ಲ ಅಂದ್ರು."

"ಆಮೇಲೆ?"

ಆಮೇಲೆ ಇಲ್ಲ. ಗಾಯದ ಮೇಲೆ ಉಪ್ಪು ಸವರಿದ ಹಾಗಾಗುತ್ತದೆ ಎಂದು ಅವಳು ಬಾಯಿ ಹೊಲಿದುಕೊಂಡಿದ್ದಳು. ಅವನೇ ಬರುತ್ತೇನೆ ಎನ್ನಲಿ ಎಂದು ಅವಳು, ಅವಳೇ ಇನ್ನೊಂದು ಸಲ ಕರೆಯಲಿ ಎಂದು ಅವನು. ನಡುವೆ ಗಾಜು ಒಡೆಯುತ್ತಿತ್ತು.

"ಹೊಸದು ಇದೆ ನನ್ನ ಹತ್ರ," ಎಂದ ಮೇಸ್ತ್ರಿ. "ಹಾಕ್ಲಾ ಬೇಡ್ವಾ? ನೀವು ಹೇಳಿದ ಹಾಗೆ."

ಬೇಡ ಎಂದರೆ ಗಂಡನ ಕಾಲು ಅಲ್ಲಿ ಉಳಿಯುತ್ತದೆ. ಹಾಕಿದರೆ ಗಾಡಿ ಅವನಿಲ್ಲದೆಯೂ ಓಡುತ್ತದೆ, ಅವನನ್ನು ಕರೆಯಲು ಇದ್ದ ನೆಪವೂ ಹೋಗುತ್ತದೆ. ಅವಳು ಲಾರಿಯ ಪಕ್ಕೆಗೆ ಕೈ ಇಟ್ಟು ನಿಂತಳು. ನಾಳೆ ಬೆಳಿಗ್ಗೆಗೆ ದೊಡ್ಡ ಅಳತೆಯ ಗಾಜುಗಳ ಲೋಡಿತ್ತು.

"ಹಾಕಿ," ಎಂದಳು.

ಮೇಸ್ತ್ರಿ ಬ್ಯಾಟರಿಯ ವೈರು ಕಳಚಿಟ್ಟ. ಸೆನ್ಸರಿನ ಎರಡು ಸ್ಕ್ರೂಗಳು ಹಟಮಾಡಿ ಕೂತಿದ್ದವು. ಅವಸರ ಮಾಡಿದರೆ ತಲೆ ಕಿತ್ತುಹೋಗುತ್ತದೆಂದು ಸ್ವಲ್ಪ ಬಿಸಿ ತಾಗಿಸಿ, ಚೂರೇ ಬಿಗಿದು, ಚೂರೇ ಸಡಿಲಿಸಿ, ಪುಸಲಾಯಿಸಿ ತೆಗೆದ. ಹಳೆಯ ಡಬ್ಬಿಯ ಮುಚ್ಚಳವನ್ನು ಸ್ಕ್ರೂಡ್ರೈವರಿನಲ್ಲಿ ಮೀಟಿ ತೋರಿಸಿದ. ಕಪ್ಪು ಪಟ್ಟಿಯ ಮೇಲೆ ಒಂದೇ ಒಂದು ಕಡೆ, ಉಗುರಿನ ಅಂಚಿನಷ್ಟು, ಬೆಳ್ಳಗೆ ಸವೆದಿತ್ತು. ಅವಳು ಅದನ್ನು ಬೆರಳಿನಿಂದ ಮುಟ್ಟಿ ನೋಡಿ ವಾಪಸು ಕೊಟ್ಟಳು.

ಹೊಸದನ್ನು ಕೂರಿಸುವಾಗ ನೇರವಾಗಿ ಒತ್ತಿ ಬಿಗಿದರೆ ಆಗುವುದಿಲ್ಲವಂತೆ. ಒಳಗಿನ ಸ್ಪ್ರಿಂಗಿಗೆ ವಿರುದ್ಧವಾಗಿ ಸ್ವಲ್ಪ ತಿರುಚಿ ಕೂರಿಸಬೇಕು, ಇಲ್ಲದಿದ್ದರೆ ಕಾಲು ಎತ್ತಿದರೂ ಚಾಡಿಕೋರನಿಗೆ ತಿಳಿಯುವುದಿಲ್ಲ. ಮೇಸ್ತ್ರಿ ಹಾಗೆ ಕೂರಿಸಿ, ಬ್ಯಾಟರಿ ಸೇರಿಸಿ, ಮೀಟರು ನೋಡುತ್ತಾ ಡಬ್ಬಿಯನ್ನು ಅತ್ತಿತ್ತ ಹೊರಳಿಸಿ, ಮುಳ್ಳು ಅರ್ಧ ವೋಲ್ಟಿನ ಗೆರೆಗೆ ಬಂದಾಗ ಸ್ಕ್ರೂ ಬಿಗಿದ. ಅವಳು ಹತ್ತಿ ಮೆಲ್ಲಗೆ ಪೆಡಲ್ ಒತ್ತಿದಳು. ಮುಳ್ಳು ಎಲ್ಲಿಯೂ ಬೀಳದೆ ಕೊನೆಯವರೆಗೂ ಏರಿತು.

ಸೇತುವೆಯ ಏರಿನಲ್ಲಿ ಅವಳು ಕಾಲನ್ನು ಬೆಣ್ಣೆಕಾಲಿನ ಜಾಗದಲ್ಲಿಟ್ಟು ಕಾದಳು. ಏನೂ ಆಗಲಿಲ್ಲ. ಲಾರಿ ಒಂದೇ ಉಸಿರಿನಲ್ಲಿ ಏರು ಮುಗಿಸಿ, ಇಳಿದು, ತಿರುವು ತೆಗೆದುಕೊಂಡಿತು. ಎಷ್ಟೋ ದಿನಗಳ ಮೇಲೆ ಗಾಡಿ ಅವನು ಓಡಿಸುತ್ತಿದ್ದಂತೆಯೇ ಓಡುತ್ತಿತ್ತು. ಎಷ್ಟು ಅವನಂತೆಯೇ ಎಂದರೆ, ಅವಳು ಅಭ್ಯಾಸಬಲದಿಂದ ಏನೋ ಹೇಳಲು ಪಕ್ಕಕ್ಕೆ ತಿರುಗಿದಳು. ಪಕ್ಕದಲ್ಲಿದ್ದುದು ಊಟದ ಡಬ್ಬಿ. ಗಂಡ ಬದುಕಿದ್ದಾನೆ, ಮನೆಯಲ್ಲಿ ಕಿಟಕಿ ಪಕ್ಕ ಕೂತಿದ್ದಾನೆ, ಆದರೂ ಅವನನ್ನು ಕಳೆದುಕೊಂಡವಳ ಹಾಗೆ ಅವಳಿಗೆ ದುಃಖ ಉಕ್ಕಿತು. ಮನೆ ತಲುಪುವವರೆಗೂ ಅವನ ಮೇಲಿನ ಸಿಟ್ಟನ್ನು ಮರಳಿ ಹುಡುಕಿದಳು, ಸಿಗಲಿಲ್ಲ.

ಬಾಗಿಲು ದೂಡಿದ ಕೂಡಲೇ, "ಎಷ್ಟು ಒಡೀತು?" ಎಂದ ಅವನು.

ಅವಳು ಚಪ್ಪಲಿ ಬಿಡುತ್ತಾ, ಮುಖ ತೋರಿಸದೆ ಹೇಳಿದಳು: "ಮೇಸ್ತ್ರಿ ಹತ್ರ ಹೋಗಿದ್ದೆ. ನೀವು ಹೇಳಿದ್ದು ನಿಜ, ಅವನಿಗೆ ಕಣ್ಣು ಕಾಣಲ್ಲ. ಏನಂತಾನೇ ಗೊತ್ತಾಗ್ಲಿಲ್ಲ ಅವನಿಗೆ, ಕೈಚೆಲ್ಲಿಬಿಟ್ಟ. ನಾಳೆ ದೊಡ್ಡ ಗಾಜಿನ ಲೋಡಿದೆ ರೀ. ನೀವೇ ಬಂದು ಒಂದು ಸಲ ಕಿವಿ ಕೊಡಿ. ನನ್ನ ಕೈಲಿ ಆಗ್ತಾ ಇಲ್ಲ."

ಅವನು ಕಿಟಕಿಯಿಂದ ಮುಖ ತಿರುಗಿಸಿದ. ಆಮೇಲೆ, "ನೀಲಿ ಶರ್ಟು ಒಗೆದಿದೆಯಾ?" ಎಂದು ಕೇಳಿದ.

ಬೆಳಿಗ್ಗೆ ಅವಳು ಏಳುವ ಮೊದಲೇ ಅವನು ಗಡ್ಡ ಕೆರೆದು, ಎಡಗೈಯಲ್ಲೇ ಗುಂಡಿ ಹಾಕಿಕೊಂಡು, ಒಂದು ಗುಂಡಿ ತಪ್ಪಿಸಿಕೊಂಡು, ತಯಾರಾಗಿ ಕೂತಿದ್ದ. ಲಾರಿಯ ಹತ್ತಿರ ಬಂದಾಗ ಅಭ್ಯಾಸದಂತೆ ಡ್ರೈವರಿನ ಬಾಗಿಲಿನತ್ತ ಎರಡು ಹೆಜ್ಜೆ ಹಾಕಿ, ನಿಂತು, ಸುತ್ತು ಹಾಕಿ ಆ ಕಡೆ ಹೋದ. ಅವಳು ತನ್ನ ಸೀಟಿಗೆ ಹತ್ತಿ ಕೂತು, ನೋಡದವಳಂತೆ ಕನ್ನಡಿ ಒರೆಸಿದಳು. ಅವನು ಮೊದಲು ಕೋಲನ್ನು ಒಳಗೆ ಎಸೆದ, ಎಡಗೈಯಲ್ಲಿ ಹಿಡಿಕೆ ಹಿಡಿದ, ಎಡಗಾಲು ಮೆಟ್ಟಿಲ ಮೇಲಿಟ್ಟ, ಬಲಗಾಲನ್ನು ಮೂಟೆಯ ಹಾಗೆ ಹಿಂದಿನಿಂದ ಎಳೆದುಕೊಂಡ. ಒಮ್ಮೆ ಜಾರಿದ. ಹಿಡಿದೆತ್ತಲು ಅವಳ ಕೈ ತವಕಿಸುತ್ತಿತ್ತು, ತೊಡೆಯ ಕೆಳಗೆ ಒತ್ತಿಟ್ಟುಕೊಂಡಳು. ಕೊನೆಗೆ ಅವನು ಊಟದ ಡಬ್ಬಿಯನ್ನು ಪಕ್ಕಕ್ಕೆ ಸರಿಸಿ ಕೂತ.

"ಈ ಕಡೆಯಿಂದ ಎಲ್ಲಾ ಓರೆ ಕಾಣುತ್ತೆ," ಎಂದ ಏದುಸಿರು ಬಿಡುತ್ತಾ.

"ನನಗೆ ಅಷ್ಟು ವರ್ಷ ಹಾಗೇ ಕಂಡಿದ್ದು," ಎಂದು ಅವಳು ಗಾಡಿ ಹೊರಡಿಸಿದಳು.

ಕಾರ್ಖಾನೆಗೆ ಹೋಗುವ ದಾರಿ ಅದು, ಲಾರಿ ಖಾಲಿ. ಈಗ ಶುರುವಾಯಿತು ಅವಳ ಪಜೀತಿ. ಗಾಡಿ ಬೆಣ್ಣೆಯ ಹಾಗೆ ಓಡುತ್ತಿದೆ, ಬಿಕ್ಕಬೇಕು! ಗಾಜಿನ ವೇಗಕ್ಕೆ ಬಂದು ಕಾಲನ್ನು ಚಟ್ಟನೆ ಎತ್ತಿ ಮತ್ತೆ ಒತ್ತಿದಳು. ಲಾರಿ ಜಿಗಿಯಿತು. ನಯವಾಗಿ ಓಡಿಸಲು ಕಲಿತಷ್ಟೇ ಕಷ್ಟವಾಯಿತು ಕೆಡಿಸಿ ಓಡಿಸಲು.

"ನೋಡಿದ್ರಾ?" ಎಂದಳು.

"ಹೂಂ," ಎಂದ ಅವನು, ತಲೆ ಓರೆ ಮಾಡಿ.

ಸೇತುವೆಯ ಏರಿನಲ್ಲಿ ಇನ್ನೊಮ್ಮೆ ಜಿಗಿಸಿದಳು. "ನೋಡಿ, ಮತ್ತೆ. ಏನಿರಬಹುದು ರೀ?"

ಅವನು ರಸ್ತೆಯನ್ನೇ ನೋಡುತ್ತಿದ್ದ. "ಎಲ್ಲೇ ಎಗರಿಸ್ತಿದ್ದೀಯ?" ಎಂದ ಮೆಲ್ಲಗೆ. "ಅದು ಬರೋದು ಅಷ್ಟು ಕೆಳಗಲ್ಲ, ಇನ್ನೊಂದು ಕೂದಲೆಳೆ ಮೇಲೆ. ಸುಳ್ಳು ಹೇಳೋದಾದ್ರೂ ಸರಿಯಾದ ಜಾಗದಲ್ಲಿ ಹೇಳು."

ಅವಳ ಕಿವಿ ಬಿಸಿಯಾಯಿತು. ಗೇರು ಬದಲಾಯಿಸಿ ಸೇತುವೆ ಇಳಿಸಿದಳು.

"ಯಾವಾಗ ಗೊತ್ತಾಯ್ತು?"

"ನಿನ್ನೆ ಸಂಜೆ. ನೀನು ನಮ್ಮ ಬೀದಿಗೆ ತಿರುಗಿಸಿದಾಗಲೇ. ಕಿಟಕೀಲಿ ಕೂತು ಮತ್ತೇನು ಕೇಳಿಸ್ಕೊಳ್ತಿದ್ದೆ ಅಂದ್ಕೊಂಡೆ? ಚೆನ್ನಾಗಿ ಓಡಿಸ್ತೀಯ. ಹೇಳ್ಬೇಕಿತ್ತು, ಹೇಳ್ಲಿಲ್ಲ."

"ಹಾಗಾದ್ರೆ ಎಲ್ಲಾ ಸರಿಯಾಗಿದೆ ಅಂತ ಗೊತ್ತಿತ್ತು. ಗೊತ್ತಿದ್ದೂ ಬಂದ್ರಾ?"

"ನೀನು ಕರೆದ್ಯಲ್ಲ," ಎಂದ ಅವನು.

ಅವಳ ಕಣ್ಣೆದುರಿನ ರಸ್ತೆ ಮಂಜಾಯಿತು. ಅವನು ಎಡಗೈ ಚಾಚಿ ಡ್ಯಾಶ್‌ಬೋರ್ಡಿನ ಮೇಲೆ ಬಡಿದ.

"ಮುಂದೆ ನೋಡು. ಅಳೋದಿದ್ರೆ ಗೇಟಿನ ಹತ್ರ ನಿಲ್ಲಿಸಿ ಅಳು."

ಅವಳು ನಿಲ್ಲಿಸಲಿಲ್ಲ. ಅಳುತ್ತಲೇ ಓಡಿಸಿದಳು, ಗಾಡಿ ಒಂದು ಚೂರೂ ಅಲುಗಲಿಲ್ಲ.